ಹೆಸರು, ಊರು, ಜಾಗ

ಜೂನ್ 15, 2008, ಭಾನುವಾರ

ಶಾಲೆ ಶುರುವಾಗಿ ಇನ್ನೂ ನಾಲ್ಕು ದಿನ, ಹೆಡ್ಮಾಸ್ತರ್ ಗುರುಸಿದ್ದಪ್ಪನವರು ನಿನ್ನೆಯೇ ಒಂದು ಬೆತ್ತ ಮುರಿದರು. ಎಂಟನೆಯ ತರಗತಿಯ ಹುಡುಗನ ಅಂಗೈ ಒಡೆದು ರಕ್ತ ಬಂದಿತ್ತು. ನಾನೇ ನಳದ ಕೆಳಗೆ ಹಿಡಿದು ತೊಳೆದೆ. ತೆಲುಗು ನಾಡಿನೊಳಗೆ ಬಾಲಾನಗರದ ಈ ಕನ್ನಡ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಕಲಿಸುತ್ತಿದ್ದೇನೆ, ಒಂದು ಮಗುವಿನ ಮೇಲೂ ಕೈ ಎತ್ತಿಲ್ಲ. ‘ಸೂರ್ಯಕಾಂತ ಮಾಸ್ತರ ಬೈದರ ಜೋಗುಳ ಹಾಡಿದಂಗಿರ್ತದ’ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ ಬಿಡು.

ಇವತ್ತು ರೇಡಿಯೊದಲ್ಲಿ ‘ಊರ ಮಂದಿ’ ಕಾರ್ಯಕ್ರಮ ಭರ್ಜರಿಯಾಯಿತು. ಶಾಲೆಯ ರೇಡಿಯೊಕ್ಕೆ ಬರುವ ತಿಂಗಳು ಒಂದು ವರ್ಷ. ಹಳೆಯ ಲ್ಯಾಬಿನ ಗೋಡೆಗೆಲ್ಲ ತತ್ತಿಯ ಟ್ರೇ ಬಡಿದು ಸ್ಟುಡಿಯೊ ಮಾಡಿಕೊಂಡಿದ್ದೇವೆ. ಟ್ರಾನ್ಸ್‌ಮಿಟರ್ ನೋಡಿಕೊಳ್ಳುವುದು ಚಂದ್ರಾಮಣ್ಣ. ಮೂವತ್ತು ವರ್ಷ ಲೇತ್ ಓಡಿಸಿ ಎರಡು ಬೆರಳು ಕಳೆದುಕೊಂಡವರು, ಮಾತು ಕಡಿಮೆ. ನಮ್ಮ ದನಿ ಹತ್ತು ಹನ್ನೆರಡು ಕಿಲೋಮೀಟರ್ ಹೋಗುತ್ತದೆ, ಅಂದರೆ ಕೊಂಡಾಪುರ ದಾಟುವವರೆಗೆ. ಅಲ್ಲಿ ಕಂಪ್ಯೂಟರ್ ಕಂಪನಿಗಳಿಗೆ ಗಾಜಿನ ಕಟ್ಟಡ ಎಬ್ಬಿಸುತ್ತಿರುವವರು ನಮ್ಮ ಸುರಪುರ, ಯಾದಗಿರಿ, ಲಿಂಗಸುಗೂರಿನ ಮಂದಿ. ಸಂಜೆ ಹಿಟ್ಟು ನಾದುತ್ತ ಮೊಬೈಲಿನಲ್ಲಿ ನಮ್ಮನ್ನು ಕೇಳುತ್ತಾರೆ. ಭಾನುವಾರ ಅವರೇ ಬಂದು ಹಾಡುತ್ತಾರೆ.

ನನ್ನದು ಒಂದೇ ನಿಯಮ. ಹಾಡಿದವರ ಹೆಸರು, ಊರು, ಕೆಲಸದ ಜಾಗ, ಮೂರೂ ಹೇಳಲೇಬೇಕು. ಈ ನಿಯಮದಿಂದ ಏಳು ಮಂದಿಗೆ ತಮ್ಮವರು ಸಿಕ್ಕಿದ್ದಾರೆ. ಸಂಗಣ್ಣ ಎಂಬುವನಿಗೆ ಎರಡು ವರ್ಷದಿಂದ ಕಾಣದ ಅಣ್ಣ ಪಕ್ಕದ ಸೈಟಿನಲ್ಲೇ ಇದ್ದದ್ದು ತಿಳಿದದ್ದು ನನ್ನ ಬಾಯಿಂದ.

ಇವತ್ತು ಭಾಗ್ಯಶ್ರೀ ಎಂಬ ಹುಡುಗಿ ಬೀಸುವ ಹಾಡು ಹೇಳಿದಳು. ಇಪ್ಪತ್ತು ವರ್ಷವಿರಬಹುದು. ಆ ದನಿಗೆ ಚಂದ್ರಾಮಣ್ಣನೂ ತಲೆ ಎತ್ತಿ ನೋಡಿದರು. ಜೊತೆಗೆ ಅವಳ ಅತ್ತೆ, ತಂದೆಯ ಅಕ್ಕ ಗದಿಗೆಮ್ಮ ಬಂದಿದ್ದಳು. ಒಳಗೆ ಬಿಡುವಾಗಲೇ ಅವಳು, “ಬರೇ ಹಾಡು ಸಾಕ್ರಿ ಸರ, ಹೆಸರು ಗಿಸರು ಬ್ಯಾಡ್ರಿ” ಅಂದಳು. ನಾಚಿಕೆ ಅಂದುಕೊಂಡೆ. ಹಾಡು ಮುಗಿದ ಮೇಲೆ ಹುಡುಗಿಯನ್ನು ಕೇಳಿದರೆ ಬಾಯಿ ಬಿಡಲಿಲ್ಲ. ಗಾಜಿನ ಆಚೆ ಗದಿಗೆಮ್ಮ ಕೈ ಆಡಿಸುತ್ತಿದ್ದಳು. ರೇಡಿಯೊದಲ್ಲಿ ಮೌನ ನನಗೆ ಆಗಿಬರುವುದಿಲ್ಲ. ಗೇಟಿನ ರಿಜಿಸ್ಟರಿನಲ್ಲಿ ಬರೆಸಿದ್ದು ಎದುರಿಗಿತ್ತು. ಹೆಸರು, ಊರು, ಕೊಂಡಾಪುರದ ಸೈಟು, ಮೂರನ್ನೂ ನಾನೇ ಓದಿದೆ.

ಹೊರಗೆ ಬಂದರೆ ಗದಿಗೆಮ್ಮ ಬಿಳಚಿಕೊಂಡು ನಿಂತಿದ್ದಳು. “ಜಾಗಾ ಯಾಕ ಹೇಳಿದ್ರಿ ಸರ? ಗಂಡ ಕೈ ಮುರದಾನ್ರಿ ಅಕಿದು. ತಪ್ಪಿಸ್ಕೊಂಡು ಬಂದಾಳ. ಎರಡು ತಿಂಗಳಾತು, ಇದ ಊರಾಗ ಸೈಟ್ ಸೈಟ್ ಹುಡುಕಾಕತ್ತಾನ.” ಇಷ್ಟು ದೊಡ್ಡ ಊರಲ್ಲಿ ಅವನು ಇದನ್ನೇ ಕೇಳಿಸಿಕೊಂಡಿರುತ್ತಾನೆಯೇ, ಚಿಂತೆ ಬಿಡಿ ಎಂದು ಇಬ್ಬರಿಗೂ ಚಹಾ ಕುಡಿಸಿ ಕಳಿಸಿದೆ.

ಜೂನ್ 17, ಮಂಗಳವಾರ

ಕೇಳಿಸಿಕೊಂಡಿದ್ದ.

ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಗದಿಗೆಮ್ಮ ಗೇಟಿಗೆ ಬಂದಳು. ಸೀರೆಯ ಮುಂಭಾಗ ರಕ್ತದಿಂದ ಗಟ್ಟಿಯಾಗಿ ನಿಂತಿತ್ತು. ನಿನ್ನೆ ಕೆಲಸ ಮುಗಿಸಿ ಭಾಗ್ಯಶ್ರೀ ನೀರಿನ ಡ್ರಮ್ಮಿನ ಹತ್ತಿರ ಮುಖ ತೊಳೆಯುತ್ತಿದ್ದಾಗ ಗಂಡ ಹುಲಗೇಶ ಇಬ್ಬರನ್ನು ಕಟ್ಟಿಕೊಂಡು ಬಂದನಂತೆ. ಅಲ್ಲೇ ಬಿದ್ದಿದ್ದ ಕಬ್ಬಿಣದ ರಾಡು ತೆಗೆದುಕೊಂಡ. ಮೊದಲ ಏಟು ದವಡೆಗೆ. ಎರಡನೆಯದು ಕಣ್ಣಿಗೆ. ಬಿದ್ದ ಮೇಲೆ ಬೆನ್ನಿಗೆ, ಮೊಳಕಾಲಿಗೆ. “ರೇಡಿಯೋದಾಗ ಹಾಡ್ತೀ? ಹಾಡು” ಅನ್ನುವುದು, ಹೊಡೆಯುವುದು. ಸೈಟಿನಲ್ಲಿ ನಲವತ್ತು ಜನ ಇದ್ದರು. ಗಂಡ-ಹೆಂಡತಿ ವಿಷಯ ಎಂದು ಮೇಸ್ತ್ರಿ ಎಲ್ಲರನ್ನೂ ತಡೆದನಂತೆ. ಕೊನೆಗೆ ಗದಿಗೆಮ್ಮನೇ ಬಿಸಿ ಸಾರಿನ ಬೋಗುಣಿ ಅವನ ಮೇಲೆ ಎಸೆದದ್ದಕ್ಕೆ ಓಡಿದ.

ಇಷ್ಟು ಹೇಳಿ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೇಟಿನಲ್ಲೇ ಕುಕ್ಕರಿಸಿದಳು, ಅಷ್ಟೆ. ನಾನು ಎರಡು ಸಲ ವಾಂತಿ ಮಾಡಿಕೊಂಡೆ.

ಜೂನ್ 19, ಗುರುವಾರ

ಸರಕಾರಿ ದವಾಖಾನೆಗೆ ಹೋಗಿದ್ದೆ. ಎಡಗಣ್ಣು ಹೋಗಿದೆ. ದವಡೆಯನ್ನು ತಂತಿ ಹಾಕಿ ಕಟ್ಟಿದ್ದಾರೆ, ಆರು ವಾರ ಬಾಯಿ ತೆರೆಯುವ ಹಾಗಿಲ್ಲ. ಮುಖ ಇಷ್ಟು ದಪ್ಪ ಊದಿ ಬಣ್ಣ ಬದನೆಕಾಯಿಯದಾಗಿದೆ. ಆ ಹಾಡು ಹೊರಟದ್ದು ಇದೇ ಬಾಯಿಂದ ಎಂದು ನಂಬುವುದು ಕಷ್ಟ.

ಠಾಣೆಗೂ ಹೋದೆ. ಜಮಾದಾರ ಹಲ್ಲುಕಡ್ಡಿ ಆಡಿಸುತ್ತ, “ಮೊಗುಡು ಪೆಳ್ಳಾಂ ಗೊಡವ ಸಾರ್ ಇದಿ” ಅಂದ. ಗಂಡ ಹೆಂಡಿರ ಜಗಳವಂತೆ. ಒಂದು ಕಣ್ಣು ಹೋಗಿದೆ ಅಂದೆ. ಇನ್ನೊಂದು ಇದೆಯಲ್ಲ ಅಂದ. ಅವನ ಮೇಜಿನ ಗಾಜು ಒಡೆಯಬೇಕು ಅನ್ನಿಸಿತು. ನನಗೆ ಹೀಗೆ ಅನ್ನಿಸುವುದು ಅಪರೂಪ, ಅದಕ್ಕೇ ಬರೆದಿಟ್ಟಿದ್ದೇನೆ.

ಮತ್ತೆ ದವಾಖಾನೆಗೆ ಬಂದು ಭಾಗ್ಯಶ್ರೀಯ ಹತ್ತಿರ ಕೂತು ಹೇಳಿದೆ: “ಅವನ್ನ ನಾ ಹುಡುಕಿಸ್ತೀನಿ ತಂಗಿ. ನಮ್ಮ ಮಂದಿ ಮೂಲಿ ಮೂಲಿಗೂ ಅದಾರ.” ಅವಳು ಕೈ ಎತ್ತಿ ಆಡಿಸಿದಳು. ಒಪ್ಪಿದಳು.

ಜೂನ್ 22, ಭಾನುವಾರ

ಸುದ್ದಿ ಓದುವ ಅಧಿಕಾರ ನಮ್ಮ ರೇಡಿಯೊಕ್ಕಿಲ್ಲ. ಚಂದ್ರಾಮಣ್ಣ ಅದನ್ನೇ ಹಿಡಿದುಕೊಂಡರು. “ಪೊಲೀಸರ ಕೆಲಸ ನಾವು ಮಾಡೋದು ಬ್ಯಾಡ್ರಿ ಮಾಸ್ತರ. ಮಂದಿ ಸಿಟ್ಟು ನಿಮ್ಮ ಮೈಕಿನ ಫೇಡರ್ ಅಲ್ಲ, ಬೇಕಾದಂಗ ಏರಿಸಿ ಇಳಸಾಕ.” ನಾನು ಸುದ್ದಿ ಓದುತ್ತಿಲ್ಲ, ಸಂದೇಶ ಓದುತ್ತಿದ್ದೇನೆ ಅಂದೆ.

ಓದಿದೆ. ಹೆಸರು ಹುಲಗೇಶ. ಲಿಂಗಸುಗೂರು ಕಡೆಯವನು. ಕುಳ್ಳ, ಬಲಗೈ ಮೇಲೆ ಸಾರು ಬಿದ್ದ ಸುಟ್ಟ ಗಾಯ. ಏನು ಮಾಡಿದ ಎಂಬುದನ್ನೂ ಒಂದೊಂದೇ ಏಟು ಬಿಡಿಸಿ ಹೇಳಿದೆ. ಎಲ್ಲಿದ್ದಾನೆಂದು ಕಂಡವರು ತಿಳಿಸಿ ಅಂದೆ. ಕಾರ್ಯಕ್ರಮ ಮುಗಿಯುವ ಮೊದಲೇ ಹನ್ನೊಂದು ಫೋನು. ಒಂದು ವರ್ಷದಲ್ಲಿ ಹನ್ನೊಂದು ಫೋನು ಒಟ್ಟಿಗೆ ಬಂದದ್ದಿಲ್ಲ. ನನ್ನ ದನಿಗೆ ಇಷ್ಟು ಬಲವಿದೆ ಎಂದು ನನಗೇ ಗೊತ್ತಿರಲಿಲ್ಲ.

ಜೂನ್ 24, ಮಂಗಳವಾರ

ಒಂಬತ್ತನೆಯ ತರಗತಿಯಲ್ಲಿ ಒಬ್ಬ ಪಾಠದ ನಡುವೆ ನಕ್ಕ. ಕಪಾಳಕ್ಕೆ ಒಂದು ಬಿಟ್ಟೆ. ಸದ್ದು ಇಡೀ ಕೋಣೆಗೆ ಕೇಳಿಸಿತು. ಮೂಗಿನಲ್ಲಿ ರಕ್ತ ಬಂತು, ಆದರೆ ಆ ಹುಡುಗನಿಗೆ ಮೊದಲಿನಿಂದಲೂ ಮೂಗಿನ ತೊಂದರೆ ಇದೆಯಂತೆ. ಉಳಿದ ಮೂವತ್ತು ನಿಮಿಷ ಒಂದು ಪಿಟ್ಟೆನ್ನುವ ಸದ್ದಿಲ್ಲ. ಗುರುಸಿದ್ದಪ್ಪನವರು ಇಷ್ಟು ವರ್ಷ ಹೇಳುತ್ತಿದ್ದುದರಲ್ಲಿ ಹುರುಳಿಲ್ಲದೆ ಇಲ್ಲ.

ಜೂನ್ 27, ಶುಕ್ರವಾರ

ಸಿಕ್ಕ. ಟೈಲ್ಸ್ ಗೋದಾಮಿನಲ್ಲಿ ಹಮಾಲಿ ಮಾಡುತ್ತಾನೆ, ಮಿಯಾಪುರದ ಹತ್ತಿರ. ಹುಸೇನಪ್ಪ ಎಂಬ ಲಾರಿ ಕ್ಲೀನರ್ ಫೋನು ಮಾಡಿದ. “ಕೈ ಮ್ಯಾಲ ಸುಟ್ಟ ಗಾಯ ನೋಡೀನ್ರಿ ಸರ. ಅವನ ಐದಾನ.”

ಠಾಣೆಗೆ ತಿಳಿಸೋಣ ಎಂದು ಹೆಂಡತಿ ಸುಮಂಗಲಾ ಊಟಕ್ಕೆ ಬಡಿಸುತ್ತ ಅಂದಳು. ಆ ಹಲ್ಲುಕಡ್ಡಿಯವನಿಗೆ ತಿಳಿಸಬೇಕಂತೆ. ತಟ್ಟೆ ನೂಕಿದೆ. ಗೋಡೆಗೆ ಹೋಗಿ ಬಡಿಯಿತು. ಮಗಳು ಪಿಂಕಿ ಎದ್ದು ಒಳಗೆ ಹೋದಳು. ಏಳನೆಯ ತರಗತಿಗೆ ಬಂದರೂ ತಟ್ಟೆಯ ಸದ್ದಿಗೆ ಹೆದರುತ್ತಾಳೆ, ಅವಳ ತಾಯಿ ಮುದ್ದು ಮಾಡಿ ಕೆಡಿಸಿದ್ದಾಳೆ.

ಜೂನ್ 29, ಭಾನುವಾರ

ವಿವರವಾಗಿ ಬರೆಯಬೇಕು.

ಐದೂವರೆಗೆ ಓದಿದೆ. ಹೆಸರು, ಊರು, ಜಾಗ. ಗೋದಾಮಿನ ಬಣ್ಣ, ಎದುರಿಗಿರುವ ಪಂಕ್ಚರ್ ಅಂಗಡಿ, ಎಲ್ಲ ಹೇಳಿದೆ. ಚಂದ್ರಾಮಣ್ಣ ನನ್ನ ಮುಖ ನೋಡಲಿಲ್ಲ. ಮುಗಿಸಿ ಸ್ಕೂಟರ್ ಹತ್ತಿದೆ. ನಾನು ಮುಟ್ಟುವ ಹೊತ್ತಿಗೆ ಅರವತ್ತು ಎಪ್ಪತ್ತು ಜನ ಸೇರಿದ್ದರು, ಇನ್ನೂ ಬೆಳಕಿತ್ತು. ಸಲಿಕೆ ಹಿಡಿದವರು, ಸೆಂಟ್ರಿಂಗ್ ಹಲಗೆ ಹಿಡಿದವರು, ಬರಿಗೈಯವರು. ಹದಿನೈದು ದಿನದ ಕೆಳಗೆ ಭಾಗ್ಯಶ್ರೀಯ ಸೈಟಿನಲ್ಲಿ ಕೈಕಟ್ಟಿ ನಿಂತು ನೋಡಿದವರೂ ಇದ್ದರು. ಅವರೇ ಎಲ್ಲರಿಗಿಂತ ಮುಂದೆ.

ಹುಲಗೇಶ ಅಂದರೆ ಏನೋ ಅಂದುಕೊಂಡಿದ್ದೆ. ಹಾರೆಯಷ್ಟೂ ದಪ್ಪ ಇಲ್ಲದ ಆಸಾಮಿ. ಹಲಗೆಯ ಏಟಿಗೆ ಭುಜ ಕಳಚಿ ಕೈ ಜೋತಾಡುತ್ತಿತ್ತು. ಹಲ್ಲು ಉದುರಿ ಬಾಯಿ ತುಂಬ ರಕ್ತ. ಯಾರೋ ಟೈಲ್ಸಿನ ಪೆಟ್ಟಿಗೆ ಎತ್ತಿ ಕಾಲಿನ ಮೇಲೆ ಹಾಕಿದರು. ಮೂಳೆ ಮುರಿದದ್ದು ಕೇಳಿಸಿತು. ನಾನು “ಸರಿರಿ, ದಾರಿ ಬಿಡ್ರಿ” ಅಂದದ್ದೇ ತಡ, ಅವನು ತಲೆ ಎತ್ತಿದ. “ರೇಡಿಯೋ ಮಾಸ್ತರ್ರು ನೀವ ಅಲ್ರಿ? ದನಿ ಗುರುತ ಹಿಡದ್ನಿರಿ. ಸಾಕು ಅನ್ರಿ, ನೀವಂದ್ರ ಬಿಡ್ತಾರ.”

ಎಲ್ಲರೂ ಕೈ ತಡೆದು ನನ್ನ ಮುಖ ನೋಡಿದರು. ಎಪ್ಪತ್ತು ಜನ. ನಾನು ಒಂದು ಮಾತು ಅನ್ನಬೇಕಿತ್ತು. “ಬಿಡಬ್ಯಾಡ್ರಿ” ಅಂದೆ. ಮೈಕಿನ ಮುಂದೆ ಹೇಳುವಷ್ಟೇ ಸ್ಪಷ್ಟವಾಗಿ. ನನ್ನ ಕಾಲನ್ನೂ ಹಾಕಿದೆ, ಒಂದೋ ಎರಡೋ, ಪಕ್ಕೆಗೆ. ಬೂಟು ಒಳಕ್ಕೆ ಇಳಿದ ಹಾಗಾಯಿತು.

ಮನೆಗೆ ಬಂದು ಸ್ನಾನ ಮಾಡಿ ನಾಲ್ಕು ರೊಟ್ಟಿ ಉಂಡೆ.

ಜುಲೈ 2, ಬುಧವಾರ

ನಿನ್ನೆ ಸತ್ತನಂತೆ. ಅದೇ ದವಾಖಾನೆಯಲ್ಲಿ, ಗಂಡಸರ ವಾರ್ಡಿನಲ್ಲಿ. ಒಬ್ಬ ಪೊಲೀಸಿನವನು ಶಾಲೆಗೆ ಬಂದು ಹೋದ. ಗುಂಪಿನಲ್ಲಿ ಯಾರಿದ್ದರೆಂದು ಯಾರೂ ಹೇಳುತ್ತಿಲ್ಲವಂತೆ. ಒಂದು ಸಂದೇಶ ಓದಿದ್ದೇವೆ, ಅಷ್ಟೇ ಎಂದು ಬರೆದುಕೊಟ್ಟೆ. ಗುರುಸಿದ್ದಪ್ಪನವರು ಅವನು ಹೋಗುವವರೆಗೆ ಬೆವರು ಒರೆಸಿಕೊಂಡರು. ಪಾಪ, ಬೆತ್ತ ಮುರಿಯುವಷ್ಟೇ ಧೈರ್ಯ.

ಯಾರೋ ಅಪರಿಚಿತರು ಫೋನು ಮಾಡಿ “ಛಲೋ ಕೆಲಸಾ ಮಾಡಿದ್ರಿ ಸರ” ಅನ್ನುತ್ತಾರೆ. ಸುಮಂಗಲಾ ಮೂರು ದಿನದಿಂದ ಪಿಂಕಿಯ ಕೋಣೆಯಲ್ಲಿ ಮಲಗುತ್ತಾಳೆ. ಸೆಕೆಯಂತೆ.

ಜುಲೈ 6, ಭಾನುವಾರ

ಭಾಗ್ಯಶ್ರೀಗೆ ನಾನೇ ಹೇಳಬೇಕೆಂದು ಹಣ್ಣು ತೆಗೆದುಕೊಂಡು ಹೋದೆ. ಊತ ಇಳಿದಿದೆ. ತಂತಿ ಇರುವುದರಿಂದ ಹಲ್ಲು ಕಚ್ಚಿಕೊಂಡೇ ಮಾತಾಡುತ್ತಾಳೆ. ಅವಳಿಗೆ ಮೊದಲೇ ಗೊತ್ತಿತ್ತು. ಹಣೆಯಲ್ಲಿ ಕುಂಕುಮ ಇರಲಿಲ್ಲ.

“ಇನ್ನ ನೀ ಯಾರಿಗೂ ಅಂಜೋದು ಬ್ಯಾಡ ತಂಗಿ” ಅಂದೆ.

“ಅವಗ ಮೂವರು ಅಣ್ಣತಮ್ಮರು ಅದಾರ್ರಿ ಸರ” ಅಂದಳು. “ನಾನ ಮಂದಿ ಕಟ್ಟಿ ಕೊಲ್ಲಿಸೀನಿ ಅಂತ ಊರಾಗ ಮಾತಾಗೇತಿ. ಮೊದಲು ಒಬ್ಬಂವ ಹುಡುಕತಿದ್ದ. ಈಗ ಮೂವರು ಹುಡುಕತಾರ.”

ಆ ದಿನ ನೀನೇ ಕೈ ಎತ್ತಿ ಒಪ್ಪಿದೆಯಲ್ಲ ಅಂದೆ.

“ಬ್ಯಾಡ ಅಂತ ಕೈ ಆಡಿಸಿದ್ನಿರಿ” ಅಂದಳು. “ಹಾಡಿದ ದಿನಾನೂ ನನ್ನ ಕೇಳಲಿಲ್ಲ, ಅವನ್ನ ಕೊಲ್ಲೂ ದಿನಾನೂ ಕೇಳಲಿಲ್ಲ.”

ಹೀಗಂತಾರೆಯೇ? ಇವಳಿಗಾಗಿ ನಾನು ನೌಕರಿಯನ್ನೇ ಪಣಕ್ಕಿಟ್ಟೆ. ರಿಜಿಸ್ಟರಿನಲ್ಲಿ ಜಾಗ ಬರೆಸಿದ್ದು ಅವರೇ, ಓದಿದ್ದು ಮಾತ್ರ ನನ್ನ ತಪ್ಪು. ಹಣ್ಣಿನ ಚೀಲ ಮಂಚಕ್ಕೆ ಬಡಿದು ಬಂದೆ. ಪಕ್ಕದ ಮಂಚದ ಮುದುಕಿ ಕಿರುಚಿದಳು.

ಜುಲೈ 8, ಮಂಗಳವಾರ

ದವಾಖಾನೆಯಿಂದ ಹೊರಟು ಹೋಗಿದ್ದಾಳೆ ಎಂದು ಗೊತ್ತಾಗಿ ಶಾಲೆ ಬಿಟ್ಟು ಕೊಂಡಾಪುರಕ್ಕೆ ಓಡಿದೆ. ತಗಡಿನ ಶೆಡ್ಡಿನ ಮುಂದೆ ಇಬ್ಬರೂ ಗಂಟು ಕಟ್ಟುತ್ತಿದ್ದರು. ಎಲ್ಲಿಗೆ ಅಂದೆ. ಗದಿಗೆಮ್ಮ, “ಎಲ್ಲ್ಯಾರ ಹೋಗ್ತೀವ್ರಿ” ಅಂದಳು. ಯಾವ ಊರು? ಯಾವ ಸೈಟು? ಮೇಸ್ತ್ರಿ ಯಾರು? ಗೊತ್ತಿದ್ದರೆ ತಾನೇ ನಾನು ಕಾಪಾಡುವುದು. ಆ ಮೂವರು ಬಂದರೆ ಇವರಿಗೆ ಯಾರು ದಿಕ್ಕು?

ಭಾಗ್ಯಶ್ರೀ ಗಂಟು ಎತ್ತಿ ತಲೆಯ ಮೇಲಿಟ್ಟುಕೊಂಡಳು. ನಾನು ರಟ್ಟೆ ಹಿಡಿದೆ. ಹಿಡಿದೆ ಅಷ್ಟೇ. ಗಂಟು ಬಿತ್ತು, ಅವಳು ಮೊಳಕೈ ಮಡಚಿ ಉಳಿದ ಕಣ್ಣಿಗೆ ಅಡ್ಡ ಹಿಡಿದು ಮುದುಡಿ ಕೂತಳು. ನಾನು ಇನ್ನೂ ಏನೂ ಮಾಡಿರಲಿಲ್ಲ. ಗದಿಗೆಮ್ಮ ನನ್ನ ಕೈ ಕಚ್ಚಿದಳು, ಹಲ್ಲಿನ ಗುರುತು ಈಗಲೂ ಇದೆ. ಅವಳನ್ನು ತಳ್ಳಿದೆ. ತಗಡಿನ ಅಂಚು ತಾಗಿ ಅವಳ ಹಣೆ ಸೀಳಿತು. ಸೈಟಿನ ಹೆಂಗಸರೆಲ್ಲ ಬುಟ್ಟಿ ಇಳಿಸಿ ಬಂದು ಸುತ್ತ ನಿಂತರು. ಅವರ ನಡುವಿನಿಂದಲೇ ಆ ಇಬ್ಬರೂ ಎಲ್ಲಿ ಹೋದರೋ ತಿಳಿಯಲಿಲ್ಲ.

ಜುಲೈ 11, ಶುಕ್ರವಾರ

ಮೂರು ದಿನದಿಂದ ಸೈಟಿಂದ ಸೈಟಿಗೆ ಸುತ್ತುತ್ತಿದ್ದೇನೆ. ಶಾಲೆಗೆ ರಜೆ ಹಾಕಿದ್ದೇನೆ. ನಮ್ಮ ದನಿ ಮುಟ್ಟದ ಪಟಾನ್‌ಚೆರುವರೆಗೂ ಹೋಗಿ ಬಂದೆ. ಕನ್ನಡದಲ್ಲಿ ಕೇಳಿದರೆ ಕನ್ನಡದವರೂ ತೆಲುಗಿನಲ್ಲಿ ‘ತೆಲಿಯದು’ ಅನ್ನುತ್ತಾರೆ.

ಸಂಜೆ ಸುಮಂಗಲಾ ಸ್ಟುಡಿಯೊದ ಬೀಗದ ಕೈ ಬಚ್ಚಿಟ್ಟು ಬಾಗಿಲಿಗೆ ಅಡ್ಡ ನಿಂತಳು. “ಆ ಹುಡುಗಿನ್ನ ಬಿಟ್ಟುಬಿಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.” ಕಾಲಿಗೆ ಬೀಳುವುದು ಬೇಡವಾಗಿತ್ತು, ಬೀಗದ ಕೈ ಕೊಟ್ಟಿದ್ದರೆ ಸಾಕಿತ್ತು. ಬಳೆ ಒಡೆದು ಚುಚ್ಚಿದ್ದರಿಂದ ರಕ್ತ ಬಂದದ್ದು, ನಾನು ಅವಳ ಮುಂಗೈ ತಿರುವಿದ್ದರಿಂದ ಅಲ್ಲ. ಪಿಂಕಿಯನ್ನು ಕರೆದುಕೊಂಡು ಹೋದಳು. ಗುಲಬರ್ಗಾಕ್ಕೆ ತನ್ನ ಅಕ್ಕನ ಮನೆಗಿರಬೇಕು. ಫೋನು ಮಾಡಿದರೆ ಅಲ್ಲಿಗೆ ಬಂದಿಲ್ಲ ಅನ್ನುತ್ತಾರೆ.

ಜುಲೈ 13, ಭಾನುವಾರ

ಇವತ್ತು ‘ಊರ ಮಂದಿ’ಗೆ ಹಾಡಲು ಒಬ್ಬರೂ ಬರಲಿಲ್ಲ. ಒಳ್ಳೆಯದೇ ಆಯಿತು, ಪೂರ್ತಿ ಅರ್ಧ ಗಂಟೆ ನನಗೇ ಸಿಕ್ಕಿತು. ಕೆಂಪು ದೀಪ ಹತ್ತಿತು, ಶುರು ಮಾಡಿದೆ. ಹೆಸರು ಭಾಗ್ಯಶ್ರೀ. ಎಡಗಣ್ಣು ಇಲ್ಲ. ದವಡೆಗೆ ತಂತಿ. ಜೊತೆಗೆ ಹಣೆಗೆ ಪಟ್ಟಿ ಕಟ್ಟಿದ ಹೆಂಗಸು. ಕಂಡವರು ಯಾವ ಸೈಟು ಎಂದು ಕೂಡಲೇ ತಿಳಿಸಿ, ಅವಳ ಒಳ್ಳೆಯದಕ್ಕೇ ಕೇಳುತ್ತಿದ್ದೇನೆ. ಹೀಗೆ ಆರು ಸಲ ಓದಿದೆ. ನನ್ನ ದನಿ ಇಷ್ಟು ಚೆನ್ನಾಗಿ ಬಂದದ್ದೇ ಇಲ್ಲ.

ಒಂದೂ ಫೋನು ಬರಲಿಲ್ಲ.

ಹೊರಗೆ ಬಂದರೆ ಚಂದ್ರಾಮಣ್ಣ ಟ್ರಾನ್ಸ್‌ಮಿಟರಿಗೆ ಬೆನ್ನು ಕೊಟ್ಟು ನಿಂತಿದ್ದರು. “ನೀವು ಕುಂತ ಕೂಡಲೇ ಬಂದ್ ಮಾಡೀನ್ರಿ ಮಾಸ್ತರ. ಒಂದು ಮಾತೂ ಹೊರಗ ಹೋಗಿಲ್ಲ.”

ಹಾಕಿ ಅಂದೆ. ಹಾಕೂದಿಲ್ಲ ಅಂದರು. ಸರಿಯಿರಿ ಅಂದೆ. ಸರಿಯಲಿಲ್ಲ. ಮೈಕಿನ ಸ್ಟ್ಯಾಂಡು ಕೈಗೆ ಸಿಕ್ಕಿತು. ಮೊದಲು ಭುಜಕ್ಕೆ ಹೊಡೆದೆ, ಸರಿಯಲಿ ಎಂದು. ಆಮೇಲೆ ಎಣಿಸಲಿಲ್ಲ. ಅವರು ತಿರುಗಿ ಹೊಡೆಯಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ, ಎರಡೂ ಕೈ ಹಿಂದೆ ಚಾಚಿ ಪೆಟ್ಟಿಗೆಯನ್ನು ಅಪ್ಪಿಕೊಂಡೇ ನಿಂತಿದ್ದರು. ಕಿವಿಯಿಂದ ರಕ್ತ ಬಂದ ಮೇಲೂ ನಿಂತಿದ್ದರು. ಬಿದ್ದಾಗ ಟ್ರಾನ್ಸ್‌ಮಿಟರಿನ ವೈರು ಕಿತ್ತು ಅವರ ಕೈಯಲ್ಲೇ ಬಂತು. ಅದನ್ನು ಜೋಡಿಸುವುದು ನನಗೆ ಬರುವುದಿಲ್ಲ. ಅವರೊಬ್ಬರಿಗೇ ಬರುವುದು.

ಗುರುಸಿದ್ದಪ್ಪನವರು ಬಾಗಿಲ ತನಕ ಬಂದು ಒಳಗೆ ಕಾಲಿಡಲು ಹೆದರಿ ನಿಂತರು. ನಾಲ್ಕು ಜನ ಬಂದು ಚಂದ್ರಾಮಣ್ಣನನ್ನು ಬೆಡ್‌ಶೀಟಿನಲ್ಲಿ ಎತ್ತಿಕೊಂಡು ಆಟೋಗೆ ಹಾಕಿದರು. ಅವರ ಹೆಂಡತಿ ಶಿವದೇವಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಆಟೋದ ಕಂಬಿ ಹಿಡಿದು, “ಯಾವ ದವಾಖಾನಿಗೆ ಒಯ್ಯಾಕತ್ತೀರಿ ವೈನಿ?” ಅಂದೆ.

ನನ್ನ ಮುಖ ನೋಡಿದಳು. ಡ್ರೈವರನಿಗೆ ನಡಿ ಅಂದಳು. ಯಾವ ದವಾಖಾನೆ ಎಂದು ಯಾರೂ ಹೇಳಲಿಲ್ಲ.